ಮಂಜಜ್ಜಿಯ ಹಾದಿ ಬದಲಿಸಿದ ಸೊಣ್ಣಮ್ಮ

ಧನುರ್ಮಾಸದ ಬೆಳಗ್ಗೆ ಆರೂವರೆ. ನಂದಗುಡಿ ಆಚೆಗಿನ ಈ ಹಳ್ಳಿಯಲ್ಲಿ ಮಂಜು ಎಷ್ಟು ದಪ್ಪವೆಂದರೆ ಕುಡುಗೋಲು ಹಾಕಿ ಕೊಯ್ದು ಹೊರೆ ಕಟ್ಟಬಹುದು. ಡೇರಿಗೆ ಹಾಲು ತಂದವರು ಕ್ಯಾನಿನ ಸದ್ದಿನಿಂದಲೇ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ. ಅಂಗನವಾಡಿಯ ಒಲೆಯ ಮೇಲೆ ಉಪ್ಪಿಟ್ಟಿಗೆ ಎಸರು ಕುದಿಯುತ್ತಿದೆ. ಪಕ್ಕದಲ್ಲಿ ಸೊಣ್ಣಮ್ಮ ತುದಿ ಜಜ್ಜಿದ ಪೊರಕೆ ಕಡ್ಡಿ ಹಿಡಿದು, ತೂತು ತೂತಿನ ಉದ್ದನೆಯ ರಟ್ಟೊಂದರ ಮೇಲೆ ಮುದುಕಿಯ ಕಾಲು ಬರೆಯುತ್ತಿದ್ದಾರೆ. ಬರೆಯುತ್ತಾರೆ, ಸುಣ್ಣ ಬಳಿದು ಅಳಿಸುತ್ತಾರೆ. ಇದು ನಾಲ್ಕನೇ ಸಲ. ನೋಡಲು ಬಂದ ನನಗೆ ಹೇಳುತ್ತಾರೆ:

“ಈಯಮ್ಮನ ಕಾಲು ಎತ್ತ ನಡೀಬೇಕು ಅನ್ನೋದೇ ತಿಳೀತಿಲ್ಲ ಸಾ. ಕೆರೆ ಕಡೆಗಂತೂ ಬೇಡ. ಮಕ್ಕಳು ಹಿಂದಿಂದೇ ಹೋಗ್ಬಿಡ್ತವೆ.”

ಐವತ್ತಾರು ವರ್ಷದ ಸೊಣ್ಣಮ್ಮ ಇಲ್ಲಿನ ಸಹಾಯಕಿ. ಕಸ ಗುಡಿಸಬೇಕು, ಅಡುಗೆ ಮಾಡಬೇಕು, ಮನೆಮನೆಗೆ ಹೋಗಿ ಹದಿನೇಳು ಮಕ್ಕಳನ್ನು ಕರೆತರಬೇಕು, ಅವುಗಳ ಮೂಗು ಒರೆಸಬೇಕು. ಮೂಗಿನ ಲೆಕ್ಕ ದಿನಕ್ಕೆ ನಾಲ್ಕು ಸಾವಿರ. ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ಇದರ ನಡುವೆ ಪ್ರತಿ ಸಂಕ್ರಾಂತಿಗೆ ಸ್ವಂತದ್ದೊಂದು ಕತೆ ಹುಟ್ಟಿಸಿ, ಅದಕ್ಕೆ ಚಿತ್ರ ಬರೆಯುತ್ತಾರೆ. ಹನ್ನೊಂದು ವರ್ಷಕ್ಕೆ ಹನ್ನೊಂದು ಕತೆ. ಭೂಮಂಡಲವನ್ನೇ ಜರಡಿ ಹಿಡಿದರೂ ಇಂಥ ಇನ್ನೊಬ್ಬರು ಸಿಗಲಾರರು. ಊರಿನ ಮುದುಕರು “ಇದು ನಮ್ಮ ಮುತ್ತಾತನ ಕಾಲದ್ದು” ಎಂದು ಸೊಣ್ಣಮ್ಮನ ಕತೆಯನ್ನು ಸೊಣ್ಣಮ್ಮನಿಗೇ ಹೇಳುತ್ತಾರೆ!

ಅವರ ತವರು ದೊಡ್ಡಬಳ್ಳಾಪುರ. ಮದುವೆಗೆ ಮುಂಚೆ ಅಲ್ಲಿ ಜಕಾರ್ಡ್ ಕಾರ್ಡು ಹೊಡೆಯುತ್ತಿದ್ದರು. ಸೀರೆಯ ಹೂಬಳ್ಳಿಗೆ ತಕ್ಕಂತೆ ರಟ್ಟಿಗೆ ತೂತು ಹಾಕಿ, ರಟ್ಟುಗಳನ್ನು ದಾರದಲ್ಲಿ ಹೆಣೆದು ಮಗ್ಗದ ಮೇಲಕ್ಕೆ ಸರ ಮಾಡುವ ಕೆಲಸ. ಸವೆದ ಕಾರ್ಡುಗಳನ್ನು ತಮ್ಮ ಈಗಲೂ ಚೀಲದಲ್ಲಿ ತಂದುಕೊಡುತ್ತಾನೆ. ಅರಿಶಿನ, ಕೆಮ್ಮಣ್ಣು, ದೀಪದ ಮಸಿ, ಅವರೆ ಎಲೆಯ ರಸವೇ ಬಣ್ಣ. ರಟ್ಟಿನ ತೂತುಗಳು ಒಂದು ಕತೆಯಲ್ಲಿ ಇಬ್ಬನಿ, ಇನ್ನೊಂದರಲ್ಲಿ ಚುಕ್ಕಿ. “ಮಂಜಂದ್ರೆ ಹೆದರಿ ಮಕ್ಕಳು ಈ ಕಡೆ ಬರ್ತಾನೇ ಇರ್ಲಿಲ್ಲ. ಹೆದರಿಕೆ ಹೋಗ್ಲಿ ಅಂತ ಕತೆ ಶುರು ಮಾಡ್ದೆ,” ಎನ್ನುತ್ತಾರೆ. ಎಸರಿಗೆ ರವೆ ಸುರಿಯುತ್ತಾ, “ಜಾಸ್ತೀನೇ ಹೋಗ್ಬಿಡ್ತು.”

ಹೋದ ವರ್ಷದ್ದು ಮಂಜಜ್ಜಿಯ ಕತೆ. ಚಳಿಗಾಲವೆಲ್ಲ ಕೆರೆಯ ಮೇಲೆ ಕೂತು ಮಂಜು ನೇಯುವ, ಕಣ್ಣು ಕಾಣದ ಅಜ್ಜಿ. ಸಂಕ್ರಾಂತಿ ಬೆಳಗ್ಗೆ ಮಗ್ಗ ಮಡಚಿ ಹೊರಡುವಾಗ, ಯಾವುದಾದರೂ ಮಗುವಿನ ಕೈಯಿಂದ ಒಂದು ಹಿಡಿ ಅವರೆಕಾಳು ಸಿಗಲಿ ಎಂದು ಕಾಯುತ್ತಾಳೆ. ಕೇಳಿದ ಮಕ್ಕಳು ಕಣ್ಣೀರಿಟ್ಟವು. ಹಬ್ಬದ ದಿನ ಬೆಳಕು ಹರಿಯುವ ಮುಂಚೆ ನಾಲ್ಕು ವರ್ಷದ ನವ್ಯಶ್ರೀ ಒಬ್ಬಳೇ ಕೆರೆಗೆ ನಡೆದಳು. ಮನೆಯವರು ಕಂಡಾಗ ಸೊಂಟದವರೆಗೆ ನೀರಿನಲ್ಲಿ ನಿಂತು, ಕೈಚಾಚಿ “ಅಜ್ಜೀ, ತಗೋ” ಎನ್ನುತ್ತಿದ್ದಳಂತೆ.

ನವ್ಯಶ್ರೀಯ ಅಜ್ಜಿ ಪಾಪಕ್ಕ ಅವತ್ತು ಅಂಗನವಾಡಿ ಬಾಗಿಲಲ್ಲಿ ನಿಂತು ಬೈದದ್ದು ಹೊಸಕೋಟೆಗೆ ಕೇಳಿಸಿರಬೇಕು. “ನಿನ್ ಕತೆಗೆ ಬೆಂಕಿ ಹಾಕ! ನಮ್ ಕೂಸು ನೀರುಪಾಲಾಗ್ತಿತ್ತಲ್ಲೇ!”

ಮತ್ತೆ ಹಬ್ಬ ಬರುತ್ತಿದೆ. ಹಳೇ ಮಕ್ಕಳು ಹೊಸ ಮಕ್ಕಳಿಗೆ ಕತೆ ಹೇಳಿಯಾಗಿದೆ. ಅವರೆಕಾಳು ಜೇಬು ಸೇರಿವೆ. ಟೀಚರ್ ಜ್ಯೋತಿಲಕ್ಷ್ಮಿಯದು ನೇರ ಮಾತು: “ಅದೆಲ್ಲಾ ಸುಳ್ಳು ಅಂತ ಹೇಳ್ಬಿಡಿ ಸೊಣ್ಣಮ್ಮ.”

“ಒಂದು ಸುಳ್ಳು ಅಂದ್ರೆ ಹನ್ನೊಂದೂ ಸುಳ್ಳಾಗ್ತವೆ ಮಿಸ್. ಆಮೇಲೆ ಕೆರೆಗೆ ಹೋಗ್ಬೇಡಿ ಅಂದ್ರೂ ಸುಳ್ಳು ಅಂತವೆ.”

ಮಗ್ಗದ ಮನೆಯಲ್ಲಿ ಹೂವು ತಪ್ಪಿದರೆ ಇಡೀ ಸರ ಎಸೆಯುವುದಿಲ್ಲ. ದಾರ ಬಿಚ್ಚಿ, ತಪ್ಪಿದ ಕಾರ್ಡು ತೆಗೆದು, ಹೊಸದು ಹೆಣೆಯುತ್ತಾರೆ. ಸೊಣ್ಣಮ್ಮ ಕತೆಯಲ್ಲೂ ಅದನ್ನೇ ಮಾಡುತ್ತಿದ್ದಾರೆ. ಮೂರು ವಾರ ಅನ್ನ ಸೇರಿಲ್ಲ, ಹನ್ನೆರಡು ರಟ್ಟು ಕೆಟ್ಟಿವೆ.

ಹಬ್ಬದ ಹಿಂದಿನ ದಿನ ಮಕ್ಕಳ ಮುಂದೆ ಹೊಸ ಚಿತ್ರಗಳ ಸರ ಬಿಚ್ಚುತ್ತಾರೆ. ಈಗ ಮಂಜಜ್ಜಿ ಕೆರೆ ಬಿಟ್ಟು ಊರೊಳಗೆ ನಡೆದು ಬರುತ್ತಾಳೆ. ಮಕ್ಕಳು ಹೊಸ್ತಿಲೊಳಗೆ ಕೂತು ಕಾಳು ಹಿಡಿದಿರಬೇಕು. ಹೊಸ್ತಿಲು ದಾಟಿದರೆ ಅಜ್ಜಿಗೆ ದಾರಿ ತಪ್ಪುತ್ತದೆ.

ನವ್ಯಶ್ರೀ ಎದ್ದು ನಿಲ್ಲುತ್ತಾಳೆ. “ಅಜ್ಜಿಗೆ ಕಣ್ಣು ಕಾಣಲ್ಲ ಅಂತ ನೀನೇ ಹೇಳಿದ್ದೆ. ನಮ್ಮನೆ ಹೆಂಗೆ ಸಿಗುತ್ತೆ?”

ಸೊಣ್ಣಮ್ಮ ಮಂಜಜ್ಜಿಯ ರಟ್ಟಿನ ಮೇಲೆ ಬೆರಳಿಡುತ್ತಾರೆ. ಹದಿನೇಳು ಜೊತೆ ಕಣ್ಣು ಅವರ ಮೇಲೆ. “ಹೆಸರು... ಹೊಸ್ತಿಲೊಳಗಿಂದಾನೇ ನಿಮ್ಮ ಹೆಸರು ಕೂಗ್ಬೇಕು. ಜೋರಾಗಿ. ಅಜ್ಜಿ ಕಿವಿ ಬಲು ಚುರುಕು.”

ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತವೆ. ಒಪ್ಪಿದವೋ ಇಲ್ಲವೋ ತಿಳಿಯುವುದಿಲ್ಲ.

ಸಂಕ್ರಾಂತಿ ಬೆಳಗ್ಗೆ ಸೊಣ್ಣಮ್ಮ ನನ್ನನ್ನೂ ಕರೆದುಕೊಂಡು ಕೆರೆ ಏರಿಯ ಮೇಲೆ ಕಾವಲು ನಿಂತಿದ್ದಾರೆ. ಮಂಜಿನಲ್ಲಿ ಅವರ ಸೀರೆಯ ಸೆರಗು ಅವರಿಗೇ ಕಾಣದು. ಊರ ಕಡೆಯಿಂದ ಒಂದು ದನಿ ಏಳುತ್ತದೆ: “ಅಜ್ಜೀ, ನಾನು ಅಮರ್!” ಆಮೇಲೆ ಇನ್ನೊಂದು, ಮತ್ತೊಂದು. ಸೊಣ್ಣಮ್ಮ ಬೆರಳು ಮಡಿಸುತ್ತಾರೆ. ಹದಿನೈದು. ಹದಿನಾರು.

ಆಮೇಲೆ ಸದ್ದಿಲ್ಲ.

“ನವ್ಯಾ ಕೂಗಿಲ್ಲ ಸಾ.” ಹೇಳುತ್ತಲೇ ಏರಿ ಇಳಿದಿದ್ದಾರೆ. ಚಪ್ಪಲಿ ಕೆಸರಿನಲ್ಲಿ ಉಳಿಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಬಿಳಿಯ ಮಂಜಿನೊಳಗೆ ಕೈಯಾಡಿಸಿ ಹುಡುಕುತ್ತಾರೆ.

ಆಗ ಪಾಪಕ್ಕನ ಮನೆ ದಿಕ್ಕಿನಿಂದ, ಊರೇ ಎದ್ದು ಕೂರುವಂತೆ: “ಅಜ್ಜೀಈ, ನವ್ಯಶ್ರೀಈ! ನಿದ್ದೆ ಬಂದ್ಬಿಟ್ಟಿತ್ತೂ!” ಜೊತೆಗೇ ಪಾಪಕ್ಕನ ಗದರಿಕೆ: “ಇನ್ನೂ ಜೋರಾಗಿ ಕೂಗೇ, ಮುದುಕಿಗೆ ಕೇಳಿಸ್ಬೇಕು!”

ಸೊಣ್ಣಮ್ಮ ನೀರಿನಲ್ಲೇ ನಿಂತು ಹದಿನೇಳನೆಯ ಹೆಸರಿಗೆ ಬೆರಳು ಮಡಿಸುತ್ತಾರೆ. ದಡಕ್ಕೆ ಬಂದು ಸೀರೆ ಅಂಚು ಹಿಂಡುತ್ತಾರೆ.

“ಸುಳ್ಳು ಅಂದುಬಿಟ್ಟಿದ್ರೆ,” ಎನ್ನುತ್ತಾರೆ, “ಇವತ್ತು ಒಂದು ಮಗೂನೂ ಕೂಗ್ತಿರ್ಲಿಲ್ಲ ಸಾ.”