ಬರ್ಮಾದಲ್ಲಿ ಬಿದ್ದ ವಿಮಾನವೂ ನಮ್ಮ ಅಕ್ಕನೂ

ತಲೆಗೆ ಮಿಂದ ದಿನ ಅಕ್ಕ ಹೋಟೆಲಿನ ಬೆಂಚನ್ನು ಹಿತ್ತಿಲಿಗೆ ಎಳೆದು ತಂದು, ಅದರ ಮೇಲೆ ಕೂತೇ ಕೂದಲು ಬಾಚಬೇಕಿತ್ತು. ನೆಲದಲ್ಲಿ ಕೂತರೆ ತುದಿ ಮಣ್ಣಿನಲ್ಲಿ ಹೊರಳುತ್ತಿತ್ತು. ಆಳು ಕುಳ್ಳಿ, ಕೂದಲು ಮಾತ್ರ ಇಬ್ಬರಿಗಾಗುವಷ್ಟು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. “ಎಂತ ನೋಡುದು ಮಾರಾಯ್ತಿ? ದೃಷ್ಟಿ ಹಾಕಬೇಡ. ಬಾ, ಸಿಕ್ಕು ಬಿಡಿಸು” ಎಂದು ಬಾಚಣಿಗೆಯನ್ನು ನನ್ನ ಕೈಗೆ ತುರುಕುತ್ತಿದ್ದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಇಚಿಲಂಪಾಡಿಯ ಹುಡುಗಿ. ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಕಾಫಿ ಹೋಟೆಲು, ಅದರ ಹಿಂದೆಯೇ ಮನೆ. ಭಾವ ಮದುವೆಯಾದ ವರ್ಷವೇ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಮಿಲಿಟರಿಗೆ ಸೇರಿದವರು. ಬಾಂಬು ಹಾಕುವ ವಿಮಾನದಲ್ಲಿ ಹಿಂದಿನ ಸೀಟಿನಲ್ಲಿ ಬಂದೂಕು ಹಿಡಿದು ಕೂರುವ ಕೆಲಸ. ಎರಡನೆಯ ಮಹಾಯುದ್ಧದ ಕಾಲದಲ್ಲೇ ತಂತಿ ಬಂತಂತೆ, ವಿಮಾನ ಹಿಂದೆ ಬಂದಿಲ್ಲ ಎಂದು. ಸತ್ತರು ಎಂದು ಅದರಲ್ಲಿ ಇರಲಿಲ್ಲ.

ಅತ್ತೆಗೆ ಅಷ್ಟು ಸಾಕಾಯಿತು. “ಬರಲಿಲ್ಲ ಅಂದರೆ ದಾರಿಯಲ್ಲಿ ಉಂಟು ಅಂತ ಲೆಕ್ಕ” ಎಂದು ತೀರ್ಮಾನ ಮಾಡಿದರು. ಯುದ್ಧ ಮುಗಿದು ಹತ್ತು ವರ್ಷ ಕಳೆದರೂ ದಿನಾ ಮಗನ ಪಾಲಿನ ಅನ್ನ ತೆಗೆದಿಡುತ್ತಿದ್ದರು. ಹಾಗಾಗಿ ಅಕ್ಕನ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ. ನನ್ನನ್ನು ಮನೆ ತುಂಬಿಸಿಕೊಂಡಾಗ ಆರತಿ ಎತ್ತಿದವಳೂ ಅವಳೇ. ನಮ್ಮಂಥ ಮಡಿವಂತರ ಮನೆಗಳಲ್ಲಿ ಗಂಡ ಸತ್ತ ಹೆಂಗಸಿನ ತಲೆ ಬೋಳಿಸಿ ಕೆಂಪು ಸೀರೆ ಉಡಿಸುವುದು ಇನ್ನೂ ನಿಂತಿರಲಿಲ್ಲ. ಅತ್ತೆಯದೇ ಬೋಳು ತಲೆ. ಭಾವ ಬದುಕಿದ್ದಾರೆ ಎನ್ನುವ ಆ ಒಂದು ಮಾತಿನಿಂದ ಅಕ್ಕನ ಕೂದಲು ಉಳಿದಿತ್ತು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗೆಲ್ಲ ವಿಮಾನ ಹಾರಿದರೆ ಹೋಟೆಲಿನ ಗಿರಾಕಿಗಳೂ ಅಂಗಳಕ್ಕೆ ಓಡುತ್ತಿದ್ದರು. ಅಕ್ಕ ಮಾತ್ರ ರುಬ್ಬುಕಲ್ಲು ಬಿಟ್ಟು ಏಳುತ್ತಿರಲಿಲ್ಲ. ಒಮ್ಮೆ ನಾನು ಕರೆದದ್ದಕ್ಕೆ, “ನೋಡಿದರೆ ಇಳಿದು ಬರ್ತದಾ? ಹಿಟ್ಟು ಹುಳಿ ಬರ್ತದೆ ಅಷ್ಟೆ” ಎಂದಳು.

ಒಂದು ಮಧ್ಯಾಹ್ನ ಜಾಲ್ಸೂರು ಕಡೆಯ ಬಸ್ಸಿನಿಂದ ಒಬ್ಬರು ಇಳಿದು ಮನೆ ಕೇಳಿಕೊಂಡು ಬಂದರು. ಕಾಸರಗೋಡಿನವರು, ಅರ್ಧ ಮಲಯಾಳ ಅರ್ಧ ಕನ್ನಡ. ಭಾವನ ವಿಮಾನದ ಮೆಕ್ಯಾನಿಕ್ ಆಗಿದ್ದವರಂತೆ. ಜಗಲಿಯಲ್ಲಿ ಕೂತರು, ಕೊಟ್ಟ ಕಾಫಿ ಕುಡಿಯಲಿಲ್ಲ.

“ಅದು ಗಿಡುಗನ ಹಾಗೆ ಮೇಲಿನಿಂದ ಇಳಿಯುವ ವಿಮಾನ ಅಮ್ಮಾ” ಎಂದು ಅತ್ತೆಗೆ ಹೇಳಿದರು. “ಬಾಂಬು ಹಾಕಿ ಕೂಡಲೇ ಏಳಬೇಕು. ಆ ದಿನ ಏಳಲಿಲ್ಲ. ಎಲ್ಲಿ ಬಿತ್ತು ಅಂತ ನಮಗೆ ಯಾರಿಗೂ ತಿಳೀಲಿಲ್ಲ. ಈಗ ಬರ್ಮಾದ ಕಾಡಲ್ಲಿ ಬಿದಿರು ಕಡಿಯುವವರಿಗೆ ಬಾಲದ ತುಂಡು ಸಿಕ್ಕಿದೆ. ಅದರ ನಂಬರು ನಮ್ಮದೇ. ಮುಂದಿನದ್ದೆಲ್ಲ ಸುಟ್ಟು ಕರಿ. ಒಳಗೆ ಇದ್ದದ್ದು ಇಬ್ಬರು, ನಿಮ್ಮ ಮಗ, ಮತ್ತೆ ಪೈಲೆಟ್, ಪಂಜಾಬಿನ ಸರದಾರ. ಯಾರ ಎಲುಬು ಯಾವುದು ಅಂತ ಗೊತ್ತಾಗದೆ ಇಬ್ಬರದ್ದೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಹೂತಿದ್ದಾರೆ. ಸೀಟಿಗೆ ಬೆಲ್ಟು ಬಿಗಿದು ಕಳಿಸಿದ್ದು ನಾನು. ನಾನೇ ಬಂದು ಹೇಳಬೇಕು ಅಂತ ಕಂಡಿತು.”

ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ನೋಡಿದೆ. ಅವಳು ಅಳಲಿಲ್ಲ. ಸೆರಗಿನ ತುದಿಯಿಂದ ಹಣೆಯ ಕುಂಕುಮವನ್ನು ತಾನೇ ಒರೆಸಿಕೊಂಡಳು, ಆ ಮನುಷ್ಯನ ಎದುರೇ. ಮತ್ತೆ, “ಊಟ ಆಯ್ತಾ ನಿಮ್ಮದು?” ಎಂದು ಕೇಳಿದಳು! ಅಯ್ಯೋ ದೇವರೇ, ಆ ಧ್ವನಿ ಈಗ ನೆನೆದರೂ ಮೈ ಜುಂ ಎನ್ನುತ್ತದೆ. ಎಲೆ ಹಾಕಿ, ಬಡಿಸಿ, ಮಜ್ಜಿಗೆಯವರೆಗೆ ನಿಂತು ಉಣ್ಣಿಸಿಯೇ ಅವರನ್ನು ಕಳಿಸಿದಳು.

ಅತ್ತೆ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದರು. ಮೂರನೆಯ ದಿನ ಎದ್ದು ಭಟ್ಟರಿಗೆ ಹೇಳಿ ಕಳಿಸಿದರು. ಶವ ಕೈಗೆ ಸಿಗದಿದ್ದರೆ ಮುತ್ತುಗದ ಎಲೆಯಲ್ಲಿ ಆಳಿನ ಆಕಾರ ಕಟ್ಟಿ, ಅದನ್ನು ಸುಟ್ಟು ಕರ್ಮ ಮಾಡುವುದು ನಮ್ಮ ಕ್ರಮ. ಕ್ಷೌರಿಕನಿಗೂ ಹೇಳಿಕೆ ಹೋಯಿತು. ಮೊದಲು ಕರ್ಮಕ್ಕೆ ಕೂರುವ ನಮ್ಮವರ ತಲೆ, ಬಳಿಕ ಅಕ್ಕನದ್ದು. ಮಗನಿಗೆ ಅಷ್ಟು ವರ್ಷ ಅನ್ನ ಎತ್ತಿಟ್ಟ ಹೆಂಗಸು ಇಷ್ಟು ಬೇಗ ಇದನ್ನೆಲ್ಲ ಹೇಳಿಯಾರು ಎಂದು ನಾನು ಎಣಿಸಿಯೇ ಇರಲಿಲ್ಲ. “ಕೂದಲೊಂದು ಇರಲಿ ಅತ್ತೆ” ಎಂದೆ. “ನನ್ನದು ಇತ್ತಾ?” ಎಂದು ಬಾಯಿ ಮುಚ್ಚಿಸಿದರು.

ಆ ದಿನ ಹಿತ್ತಿಲಲ್ಲಿ ಬಾಳೆಲೆಯ ಮೇಲೆ ಎಲೆಯ ಗೊಂಬೆ ಮಲಗಿತ್ತು. ತಲೆಯ ಜಾಗದಲ್ಲಿ ತೆಂಗಿನಕಾಯಿ, ಪಕ್ಕದಲ್ಲಿ ಹೊತ್ತಿಸಿದ ಬೆಂಕಿ. ನಮ್ಮವರ ತಲೆ ಬೋಳಿಸಿ ಆಗಿತ್ತು. ಕ್ಷೌರಿಕ ಕತ್ತಿ ತೊಳೆದು ತಲೆ ತಗ್ಗಿಸಿ ಕಾಯುತ್ತಿದ್ದ. ಅಕ್ಕ ಅಡುಗೆಮನೆಯಿಂದ ಇಳಿದು ಬಂದಳು, ಕೂದಲು ಬಿಚ್ಚಿತ್ತು. ಕೂರಲು ಬಂದಳೆಂದೇ ಎಲ್ಲರೂ ತಿಳಿದೆವು. ಅವಳು ಸೀದಾ ಹೋಗಿ ಗೊಂಬೆಯ ಪಕ್ಕ ನಿಂತಳು.

“ಭಟ್ರೇ, ಇದನ್ನು ಎಂತ ಮಾಡುದು ಈಗ?”

“ಸುಡುದಮ್ಮ. ಸಂಸ್ಕಾರ ಆಗಬೇಕಲ್ಲ.”

“ಅವರು ಸುಟ್ಟು ಆಗಿದೆ” ಎಂದಳು ಅಕ್ಕ. “ಬೆಲ್ಟು ಕಟ್ಟಿದ ಹಾಗೆಯೇ ಕೂತಲ್ಲೇ ಸುಟ್ಟದ್ದು. ಎಲುಬು ಕೂಡ ಬೇರೆ ಮಾಡಲು ಆಗದ ಹಾಗೆ ಸುಟ್ಟದ್ದು. ಸಾಲಲಿಲ್ಲವಾ ನಿಮಗೆ? ಇನ್ನೊಮ್ಮೆ ಸುಡಬೇಕಾ?” ಮತ್ತೆ ಅತ್ತೆಯ ಕಡೆ ತಿರುಗಿದಳು. “ಕುಂಕುಮ ಅವರದ್ದು, ತೆಗೆದೆ. ಕೂದಲು ನನ್ನದು. ಹುಟ್ಟುವಾಗ ತಂದದ್ದು. ಮುಟ್ಟಿದರೆ ಈ ಬೆಂಕಿಗೆ ನಾನೂ ಬೀಳ್ತೇನೆ, ಗೊಂಬೆಯ ಖರ್ಚೂ ಬೇಡ.”

ದೊಡ್ಡವರೆದುರು ಆ ಮನೆಯಲ್ಲಿ ಹೆಂಗಸೊಬ್ಬಳು ಹಾಗೆ ಮಾತಾಡಿದ್ದೇ ಇಲ್ಲ. ಭಟ್ಟರ ಕೈಯ ದರ್ಭೆ ಜಾರಿ ಬಿತ್ತು. ಅತ್ತೆ ಗೊಂಬೆಯನ್ನೇ ನೋಡುತ್ತ ನಿಂತಿದ್ದರು. ನೋಡುತ್ತ ನೋಡುತ್ತ ಅಲ್ಲೇ ಕುಸಿದು, ಆ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಕೂತಲ್ಲೇ ಸುಟ್ಟಿತಾ ನನ್ನ ಮಗನಿಗೆ” ಎಂದು ಬೊಬ್ಬೆ ಹೊಡೆದರು. ಸುದ್ದಿ ಬಂದು ಅಷ್ಟು ದಿನವಾದರೂ ಅವರು ಅತ್ತದ್ದು ಆಗಲೇ.

ಅಳು ನಿಂತ ಮೇಲೆ, “ಬಿಚ್ಚಿ ಭಟ್ರೇ. ನೀರಿಗೆ ಬಿಡಿ” ಎಂದರು. ಕ್ಷೌರಿಕ ಮೆಲ್ಲಗೆ ಪೆಟ್ಟಿಗೆ ಮುಚ್ಚುತ್ತಿದ್ದ. ಅತ್ತೆ ತಲೆಯ ಸೆರಗು ಸರಿಸಿದರು. “ಬಂದವ ಸುಮ್ಮನೆ ಹೋಗುದು ಬೇಡ. ನನ್ನದು ಬೆಳೆದಿದೆ, ತೆಗೆದು ಹೋಗು.”

ಊರು ಸುಮ್ಮನಿರುತ್ತದಾ? ಕೆಲವರು ನಮ್ಮ ಮನೆಯ ನೀರು ಮುಟ್ಟುವುದು ಬಿಟ್ಟರು. “ಬಿಡಲಿ, ಬಾವಿಗೆ ಒಳ್ಳೆಯದಾಯ್ತು” ಎಂದಳು ಅಕ್ಕ. ಮಹಾಲಯದಲ್ಲಿ ಭಾವನಿಗೆ ಎಲೆ ಹಾಕಿದ ದಿನ ಅವಳು ಪಕ್ಕದಲ್ಲಿ ಸರದಾರನಿಗೂ ಒಂದು ಎಲೆ ಹಾಕಿ ಬಡಿಸುತ್ತಿದ್ದಳು. ಭಟ್ಟರು ಕಣ್ಣು ಕಿರಿದು ಮಾಡಿದರೆ, “ಒಂದೇ ಪೆಟ್ಟಿಗೆಯಲ್ಲಿ ಇದ್ದಾರೆ, ಒಬ್ಬರಿಗೆ ಮಾತ್ರ ಬಡಿಸುದು ಹೇಗೆ?” ಎನ್ನುತ್ತಿದ್ದಳು.

ಅರವತ್ತರ ದಶಕದ ನಡುವಿನಲ್ಲಿ ಹೊಟ್ಟೆಯ ಕಾಯಿಲೆಯಿಂದ ಅಕ್ಕ ತೀರಿಕೊಂಡಳು. ಅದಾಗಿ ಎರಡು ವರ್ಷಕ್ಕೆ ನಮ್ಮವರೂ ಹೋದರು, ಹೋಟೆಲಿನ ಗಲ್ಲಾದಲ್ಲಿ ಕೂತಲ್ಲೇ ಎದೆನೋವು. ನನಗೆ ಇನ್ನೂ ನಲವತ್ತು ಆಗಿರಲಿಲ್ಲ. ಹತ್ತನೆಯ ದಿನ ಸುಳ್ಯ ಕಡೆಯ ನೆಂಟರು ಜಗಲಿಯಲ್ಲಿ ಗುಸುಗುಸು ಮಾತಾಡುತ್ತಿದ್ದರು, ಕ್ಷೌರಿಕ ಎಷ್ಟು ಹೊತ್ತಿಗೆ ಬರ್ತಾನೆ ಎಂದು. ಒಳಗೆ ಮೂಲೆಯಲ್ಲಿ ಕೂತ ನನಗೆ ಎಲ್ಲವೂ ಅರ್ಥವಾಗುತ್ತಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಎಣ್ಣೆಯ ಗಿಂಡಿ ಇತ್ತು. ಜಗಲಿಯವರಿಗೆಲ್ಲ ಕೇಳುವ ಹಾಗೆ, “ತಿರುಗಿ ಕೂತುಕೋ, ತಲೆಗೆ ಎಣ್ಣೆ ಹಾಕ್ತೇನೆ” ಎಂದರು.