ಅಮ್ಮನ ಹೇನಿನ ಹಾಡು

ನಮ್ಮ ಮನೆಯಲ್ಲಿ ಆಸ್ತಿಗಾಗಿ ಜಗಳ ಆದದ್ದಿಲ್ಲ, ದೇವರಿಗಾಗಿಯೂ ಆದದ್ದಿಲ್ಲ. ಆದದ್ದೆಲ್ಲ ಒಂದು ಸಿನೆಮಾದ ವಿಷಯಕ್ಕೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬಂದ ಸಿನೆಮಾ ಅದು. ಊರೂರು ತಿರುಗಿ ನಾಟಕ ಆಡುವ ಒಂದು ಕುಟುಂಬ. ಹಾಡಿ ಹೆಸರು ಮಾಡಿದ ಯಜಮಾನನ ಗಂಟಲು ಒಂದು ದಿನ ಕೈಕೊಡುತ್ತದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಅವನ ಬದಲಿಗೆ ಹಾಡಿ ಹಾಡಿ ಕಂಪೆನಿಯನ್ನು ದಡ ಸೇರಿಸುತ್ತಾರೆ. ಕಥೆ ಇಷ್ಟೇ. ಅದರಲ್ಲಿ ಒಬ್ಬನೂ ಕೆಟ್ಟವನಿಲ್ಲ, ಒಂದು ಏಟೂ ಬೀಳುವುದಿಲ್ಲ. ಆದರೂ ಬಂಟ್ವಾಳ ಪೇಟೆಯಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯ ಬ್ಯಾರಿಗಳು ಅದರ ಮೂರು ಪ್ರತಿ ಇಟ್ಟುಕೊಂಡಿದ್ದರು, ಮೂರೂ ಯಾವಾಗಲೂ ಹೊರಗೆ ಇರುತ್ತಿದ್ದವು.

ಅದು ಇಷ್ಟು ವರ್ಷ ಯಾಕೆ ಬಾಳಿತು ಎಂದು ಕೇಳಿದರೆ ನನ್ನದೊಂದು ಲೆಕ್ಕಾಚಾರ ಉಂಟು. ನಮ್ಮ ಕಡೆಯವರು ಮಾತಾಡುವುದು ತುಳು. ಕನ್ನಡ ಎಂದರೆ ನಮಗೆ ಶಾಲೆಯದು, ತಾಲೂಕು ಆಫೀಸಿನದು, ಬಾಯಿ ಬಿಡುವ ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳಬೇಕಾದ ಭಾಷೆ. ಈ ಸಿನೆಮಾದ ಕನ್ನಡ ಮಾತ್ರ ಸೀದಾ ನಮ್ಮ ಅಡುಗೆಮನೆಗೆ ಬಂದು ಕೂತಿತು. ನಾವು ಬೈದಾಡುವುದು ತುಳುವಿನಲ್ಲಿ, ರಾಜಿ ಆಗುವಾಗ ಅಪ್ಪ ಆ ಸಿನೆಮಾದ ಯಜಮಾನನ ಮಾತನ್ನೇ ಎತ್ತಿ ಹೇಳುತ್ತಿದ್ದರು. ಹಾಡುಗಳಂತೂ ಮನೆಮಂದಿಗೆಲ್ಲ ಬಾಯಿಪಾಠ. ನಾನು ಈಗ ಬೆಳ್ತಂಗಡಿಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಎಂಟನೇ ಕ್ಲಾಸಿನ ಹುಡುಗಿಯರು ಮಧ್ಯಾಹ್ನದ ಊಟದ ತಟ್ಟೆ ತೊಳೆಯುವಾಗ ಅದರದೇ ಹಾಡು ಗುನುಗುತ್ತಿರುತ್ತಾರೆ. ಎಲ್ಲಿ ಕಲಿತಿರಿ ಎಂದರೆ ಅಜ್ಜಿಯಿಂದ ಎನ್ನುತ್ತಾರೆ.

ಜಗಳ ಇದ್ದದ್ದು ಒಂದೇ ಒಂದು ಹಾಡಿನ ಬಗ್ಗೆ.

ಅಮ್ಮ ಬೀಡಿ ಕಟ್ಟುತ್ತಿದ್ದಳು. ಶನಿವಾರ, ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬಂದ ಮೇಲೆ ಅಕ್ಕನನ್ನೂ ನನ್ನನ್ನೂ ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ ತಲೆ ಬಾಚಿ ಹೇನು ತೆಗೆಯುವುದು ಅವಳ ಪದ್ಧತಿ. ಆಗ ಒಂದು ಹಾಡು ಹಾಡುತ್ತಿದ್ದಳು. ತಾಯಿ ಮಗಳ ತಲೆಯ ಹೇನುಗಳ ರಾಜನಿಗೆ ಸಂಸಾರ ಸಮೇತ ಊರು ಬಿಟ್ಟು ಹೋಗು ಎಂದು ಅಪ್ಪಣೆ ಮಾಡುವ ಹಾಡು. ಮೊದಲನೆಯ ಚರಣದಲ್ಲಿ ದೊಡ್ಡ ಮಗಳ ಉದ್ದ ಜಡೆ, ಅದರೊಳಗೆ ರಾಜನ ಅರಮನೆ. ಎರಡನೆಯದರಲ್ಲಿ ಸಣ್ಣ ಮಗಳ ಗುಂಗುರು ಕೂದಲು, ಅಲ್ಲಿಗೆ ಹೊಕ್ಕ ಸೈನ್ಯಕ್ಕೆ ಹೊರಗೆ ಬರುವ ದಾರಿ ಸಿಗುವುದಿಲ್ಲ. ನನ್ನ ಕೂದಲು ಗುಂಗುರು. ಎರಡನೆಯ ಚರಣ ಬರುವವರೆಗೆ ನಾನು ಬಾಚಣಿಗೆಯ ಹಲ್ಲನ್ನು ಹಲ್ಲು ಕಚ್ಚಿ ಸಹಿಸುತ್ತಿದ್ದೆ.

"ಇದು ಆ ಸಿನೆಮಾದ್ದೇ ಹಾಡು. ಮೂಡಬಿದ್ರೆಯಲ್ಲಿ ನನ್ನ ಅಕ್ಕನ ಒಟ್ಟಿಗೆ ಹೋಗಿ ಕಣ್ಣಾರೆ ನೋಡಿದ್ದೇನೆ" ಎನ್ನುತ್ತಿದ್ದಳು ಅಮ್ಮ. ಮದುವೆಗೆ ಮೊದಲಿನ ಮಾತು ಅದು.

"ನಾನೂ ಅದೇ ಟಾಕೀಸಿನಲ್ಲಿ ನೋಡಿದ್ದು ಮಾರಾಯ್ತಿ, ಒಂದಲ್ಲ, ನಾಲ್ಕು ಸಲ" ಎಂದು ಅಪ್ಪ ಶುರುಮಾಡುತ್ತಿದ್ದರು. "ಅಷ್ಟು ದೊಡ್ಡ ನಟಿಗೆ ಬಣ್ಣದ ಸೀರೆ ಉಡಿಸಿ, ಬಣ್ಣದ ರೀಲು ಖರ್ಚು ಮಾಡಿ, ಹೇನು ಹೆಕ್ಕಲಿಕ್ಕೆ ಯಾರಾದ್ರೂ ಕೂರಿಸ್ತಾರಾ?"

ಬಂಟ್ವಾಳದಲ್ಲಿ ಅಪ್ಪನದು ಸಣ್ಣ ಹೋಟೆಲು. ಗೋಳಿಬಜೆ ತಿನ್ನಲು ಬಂದವರನ್ನೆಲ್ಲ ಸಾಕ್ಷಿಗೆ ಕರೆಯುತ್ತಿದ್ದರು. ನೋಡಿದವರು ಎಷ್ಟೋ ಜನ, ಹೇನಿನ ಹಾಡು ಕಂಡವರು ಒಬ್ಬರೂ ಇಲ್ಲ. ಬ್ಯಾರಿಗಳ ಕ್ಯಾಸೆಟ್ ತಂದು ಹಾಕಿದೆವು, ಅದರಲ್ಲಿ ಇಲ್ಲ. ಹಾಡಿನ ಧ್ವನಿಸುರುಳಿಯಲ್ಲಿ ಇಲ್ಲ. ಟಿವಿಯಲ್ಲಿ ಬಂದಾಗಲೂ ಇಲ್ಲ. ಟಿವಿಯವರು ಜಾಹೀರಾತಿಗಾಗಿ ಕತ್ತರಿಸಿದ್ದಾರೆ ಎಂದು ಅಮ್ಮ ಹೇಳಿದರೆ ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಆದರೆ ಬಿಟ್ಟುಕೊಡುತ್ತಿರಲಿಲ್ಲ, ಹಾಡುವುದನ್ನೂ ಬಿಡುತ್ತಿರಲಿಲ್ಲ.

ಬಿಡುವ ಹಾಗೆ ಮಾಡಿದವಳು ನಾನು. ಅಕ್ಕನ ಮದುವೆಯ ಮುನ್ನಾದಿನ, ಮದರಂಗಿಗೆ ಬಂದ ಹೆಂಗಸರೆಲ್ಲ ಎರಡು ಪಂಗಡ ಮಾಡಿಕೊಂಡು ಅಂತ್ಯಾಕ್ಷರಿಗೆ ಕೂತರು. ಆಗ ನಾನು ಬಿ.ಎಡ್. ಓದುತ್ತಿದ್ದೆ, ಆದ್ದರಿಂದ ನಾನೇ ತೀರ್ಪುಗಾರ್ತಿ. ಕೊನೆಯ ಸುತ್ತಿನಲ್ಲಿ ಅಮ್ಮನ ಸರದಿ ಬಂತು. ಎರಡೂ ಕೈಗೆ ಮದರಂಗಿ ಮೆತ್ತಿಕೊಂಡು ಅವಳು ಹೇನಿನ ಹಾಡು ಎತ್ತಿದಳು. ಎದುರು ಪಂಗಡದ ಅತ್ತೆ, "ಇದು ಯಾವ ಸಿನೆಮಾದ್ದು? ನಡೆಯುವುದಿಲ್ಲ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ದೊಡ್ಡ ನ್ಯಾಯಾಧೀಶೆಯ ಗತ್ತಿನಲ್ಲಿ, "ಹೌದು, ಇದು ಸಿನೆಮಾದಲ್ಲಿ ಇಲ್ಲ. ಅಮ್ಮ ಔಟ್" ಎಂದುಬಿಟ್ಟೆ. ಚಪ್ಪರವೇ ನಕ್ಕಿತು. ಅಮ್ಮ ನಗಲಿಲ್ಲ. ಕೈ ತೊಳೆಯುವ ನೆಪದಲ್ಲಿ ಎದ್ದು ಹೋದಳು. ಅವಳ ಕೈಯ ಮದರಂಗಿ ಆವತ್ತು ಕೆಂಪಾಗಲೇ ಇಲ್ಲ.

ಆಮೇಲೆ ಹದಿನೈದು ವರ್ಷ ಅವಳ ಬಾಯಲ್ಲಿ ಆ ಹಾಡು ಬರಲಿಲ್ಲ. ಅಕ್ಕನ ಮಗಳ ತಲೆ ಬಾಚುವಾಗಲೂ ಇಲ್ಲ. ಹಾಡು ಎಂದು ನಾವು ಕೇಳಿಕೊಂಡರೆ, "ಮರೆತುಹೋಗಿದೆ" ಎಂದಷ್ಟೇ ಹೇಳುತ್ತಿದ್ದಳು. ಅಪ್ಪ ಕೂಡ ತಮಾಷೆ ನಿಲ್ಲಿಸಿದರು. ನನ್ನ ತೀರ್ಪು ಸರಿಯೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಷ್ಟು ಹೇಳಿಕೊಂಡರೂ ಸಮಾಧಾನ ಇರಲಿಲ್ಲ.

ಮೊನ್ನೆ ಬೇಸಿಗೆ ರಜೆಯಲ್ಲಿ ಅದೇ ಸಿನೆಮಾವನ್ನು ಮೂಲ ಪ್ರತಿ ಹುಡುಕಿ, ಬಣ್ಣ ತಿದ್ದಿ, ಪೂರ್ತಿಯಾಗಿ ಮತ್ತೆ ಬಿಡುಗಡೆ ಮಾಡಿದ್ದಾರೆ, ಮೂಡಬಿದ್ರೆಗೂ ಬಂದಿದೆ ಎಂದು ಗೊತ್ತಾಯಿತು. "ಪೂರ್ತಿ" ಎಂಬ ಮಾತು ನನ್ನನ್ನು ಕುಟುಕಿತು. ಅಮ್ಮ ಬರುವುದಿಲ್ಲ ಎಂದಳು. "ಹಾಡು ಇಲ್ಲದಿದ್ದರೆ ಪುನಃ ಎಲ್ಲರೂ ನಗ್ಲಿಕ್ಕಾ? ನನಗೆ ಬೇಡ." ಅಷ್ಟು ವರ್ಷದ ನೋವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೊನೆಗೆ ಅಪ್ಪನೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಹೋಗುವ ಮಾರಾಯ್ತಿ, ಹಾಡಿಗಾಗಿ ಅಲ್ಲ, ನನ್ನ ಒಟ್ಟಿಗೆ" ಎಂದರು. ಅದಕ್ಕೆ ಅವಳು ಸೀರೆ ಬದಲಾಯಿಸಿದಳು. ಅಕ್ಕನಿಗೆ ಕೊಕ್ಕಡದಿಂದ ಬರಲು ಆಗಲಿಲ್ಲ, ಮನೆಯಲ್ಲಿ ನೆಂಟರು. ಸಿದ್ಧಕಟ್ಟೆ ದಾರಿಯಾಗಿ ನಾನೇ ಕಾರು ಓಡಿಸಿದೆ. ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮಧ್ಯಾಹ್ನದ ಆಟಕ್ಕೆ ಅಷ್ಟು ಜನ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬುರ್ಖಾದ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಬಂದಿದ್ದರು. ಕಾಲೇಜಿನ ಹುಡುಗರು ಒಂದು ಸಾಲು ಪೂರ್ತಿ ಹಿಡಿದಿದ್ದರು. ವೇಣೂರಿನಿಂದ ಜೀಪು ಮಾಡಿಕೊಂಡು ಬಂದ ಒಂದು ಮನೆಯವರು ಚಕ್ಕುಲಿಯ ಡಬ್ಬವನ್ನೂ ತಂದಿದ್ದರು. ಮೊದಲ ಹಾಡಿಗೇ ಇಡೀ ಟಾಕೀಸು ದನಿ ಸೇರಿಸಿತು. ಮಕ್ಕಳು ಅಳುವ ಜಾಗದಲ್ಲಿ ಅಪ್ಪ ಎಂದಿನಂತೆ ಕಣ್ಣಿಗೆ ಧೂಳು ಬಿತ್ತು ಎಂದರು. ನಾನೂ ಖುಷಿಯಲ್ಲಿ ಹಾಡಿದೆ. ಮಧ್ಯೆ ಮಧ್ಯೆ ಅಮ್ಮನ ಕಡೆ ನೋಡುತ್ತಿದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಮಧ್ಯಂತರಕ್ಕೆ ಸ್ವಲ್ಪ ಮೊದಲು, ನಾಟಕದವರು ಒಂದು ಊರಿನ ಛತ್ರದಲ್ಲಿ ಇಳಿದುಕೊಂಡಿರುವ ದೃಶ್ಯ. ನಮ್ಮ ಕ್ಯಾಸೆಟ್‌ನಲ್ಲಿ ಅಲ್ಲಿಂದ ಸೀದಾ ಮಧ್ಯಂತರ. ಇಲ್ಲಿ ಹಾಗಾಗಲಿಲ್ಲ. ತಾಯಿ ಛತ್ರದ ಮೆಟ್ಟಿಲ ಮೇಲೆ ಕೂತು, ದೊಡ್ಡ ಮಗಳನ್ನು ಕಾಲ ಬುಡದಲ್ಲಿ ಕೂರಿಸಿ, ಜಡೆ ಬಿಚ್ಚಿದಳು. ತಬಲ ಇಲ್ಲ, ಪಿಟೀಲು ಇಲ್ಲ, ಬಳೆಯ ಸದ್ದಿಗೇ ಹಾಡು ಶುರುವಾಯಿತು. ಹೇನಿನ ರಾಜ, ಅವನ ಅರಮನೆ, ಸಂಸಾರ ಸಮೇತ ಊರು ಬಿಡುವ ಅಪ್ಪಣೆ. ರಾಗ ಅದೇ, ಒಂದು ಅಕ್ಷರ ಆಚೆ ಈಚೆ ಇಲ್ಲ. ಅಮ್ಮ ಅಪ್ಪನ ಕೈಗೆ ಪಟ್ಟೆಂದು ಹೊಡೆದು, "ನೋಡಿ! ನೋಡಿ! ಇವರೇ, ಈಗ ಹೇಳಿ!" ಎಂದು ಎದ್ದೇ ನಿಂತಳು. ಹಿಂದಿನವರು ಕೂತುಕೊಳ್ಳಿ ಅಜ್ಜಿ ಎಂದರು. ಅವಳು ಕೂರಲಿಲ್ಲ.

ಹಾಡು ಒಂದೇ ಚರಣಕ್ಕೆ ಮುಗಿಯಿತು. ಸಣ್ಣ ಮಗಳು ಪರದೆಯ ಮೇಲೆ ಬರಲೇ ಇಲ್ಲ. ಮಧ್ಯಂತರದ ದೀಪ ಹತ್ತಿತು. ನಾನು ಅಮ್ಮನನ್ನು ದಾಟಿ ಅಪ್ಪನ ಕಡೆ ನೋಡಿದೆ, ಅವರು ನನ್ನನ್ನೇ ನೋಡುತ್ತಿದ್ದರು. ಅಮ್ಮನ ಎರಡೂ ಚರಣ ವರ್ಷಗಟ್ಟಲೆ ಕೇಳಿದ ಮನುಷ್ಯ, ಲೆಕ್ಕ ತಪ್ಪುವವರಲ್ಲ. ಅವರು ಚರುಮುರಿ ತರುತ್ತೇನೆಂದು ಹೊರಗೆ ಹೋದರು.

ಬರುವಾಗ ತಮ್ಮಷ್ಟೇ ವಯಸ್ಸಿನ ಒಬ್ಬರನ್ನು ಕರೆದುಕೊಂಡು ಬಂದರು. ಆ ಕಾಲದಲ್ಲಿ ಇದೇ ಟಾಕೀಸಿನಲ್ಲಿ ಮೆಷಿನ್ ಓಡಿಸುತ್ತಿದ್ದವರು ಎಂದು ಪರಿಚಯ ಹೇಳಿದರು. ಅವರು ಅಮ್ಮನಿಗೆ ಕೈಮುಗಿದು, "ತಪ್ಪು ನನ್ನದೇ ಅಮ್ಮ" ಎಂದರು. "ಆ ಹಾಡು ಇದ್ದದ್ದು ರೀಲಿನ ಕೊನೆಯಲ್ಲಿ. ಸಂಜೆ ಆಟಕ್ಕೆ ಬರುವುದು ಗಂಡಸರು, ಹಾಡು ಹಾಕಿದ್ರೆ ಬಂಟ್ವಾಳದ ಕೊನೇ ಬಸ್ಸು, ಚಾರ್ಮಾಡಿ ಕಡೆಯ ಬಸ್ಸು ಎರಡೂ ತಪ್ತದೆ. ಹಾಗಾಗಿ ಹಾಡು ಬರುವ ಮೊದಲೇ ಮೆಷಿನ್ ನಿಲ್ಲಿಸಿ ಮಧ್ಯಂತರ ಬಿಡ್ತಿದ್ದೆ. ಮ್ಯಾಟಿನಿಗೆ ಹೆಂಗಸರು ಬರ್ತಾರಲ್ಲ, ಅವರಿಗೆ ಮಾತ್ರ ಪೂರ್ತಿ ಹಾಕ್ತಿದ್ದದ್ದು. ಆಮೇಲೆ ಬಂದ ಪ್ರತಿಗಳಲ್ಲಿ ಕಂಪೆನಿಯವರೇ ಅದನ್ನು ಕತ್ತರಿಸಿದ್ರು, ಕ್ಯಾಸೆಟ್ ಆದದ್ದೂ ಅದರಿಂದಲೇ."

ಅಂದರೆ ಹಾಡನ್ನು ಕಂಡವರೆಲ್ಲ ಹೆಂಗಸರು. ಅಪ್ಪ ನಾಲ್ಕು ಸಲ ನೋಡಿದ್ದೂ ಸಂಜೆ ಆಟವೇ, ಸಾಕ್ಷಿಗೆ ಕರೆದವರೂ ಹೋಟೆಲಿಗೆ ಬರುವ ಗಂಡಸರು. ಅಂತ್ಯಾಕ್ಷರಿಗೆ ಕೂತಿದ್ದವರೋ, ನನ್ನ ಹಾಗೆ ಕ್ಯಾಸೆಟ್‌ನಲ್ಲೇ ನೋಡಿದವರು. ಅಮ್ಮ ಚರುಮುರಿಯ ಪೊಟ್ಟಣ ಹಿಡಿದುಕೊಂಡು ಆ ಹಿರಿಯರ ಎದುರು ಗಟ್ಟಿಯಾಗಿ ನಕ್ಕಳು. ಹದಿನೈದು ವರ್ಷದಲ್ಲಿ ನಾನು ಅಂಥ ನಗು ಕೇಳಿರಲಿಲ್ಲ. ನಾನು ಅಲ್ಲಿಯೇ, ಜನರ ನಡುವೆ, "ಅಮ್ಮ, ಆವತ್ತು ನಾನು ಹೇಳಿದ್ದು ತಪ್ಪು" ಎಂದೆ. ಅವಳು ನನ್ನ ಬಾಯಿಗೆ ಒಂದು ಹಿಡಿ ಚರುಮುರಿ ತುಂಬಿದಳು.

ಸಿನೆಮಾ ಬಿಟ್ಟ ಮೇಲೆ ಅಪ್ಪ ಆ ಹಿರಿಯರನ್ನು ಬಸ್ಸು ಹತ್ತಿಸಲು ಹೋದರು. ಕಾರಿನ ಹತ್ತಿರ ನಾವಿಬ್ಬರೇ ಇದ್ದಾಗ ಕೇಳಿದೆ, "ಅಮ್ಮ, ಎರಡನೇ ಚರಣ ಎಲ್ಲಿ?"

ಅವಳು ಆಚೆ ಈಚೆ ನೋಡಿದಳು. "ಅದು ನಾನು ಮಾಡಿದ್ದು. ಅಕ್ಕನ ಜಡೆಗೆ ಹಾಡು ಉಂಟು, ನನಗೆ ಇಲ್ಲ ಅಂತ ನೀನು ಸಿಟ್ಟಿನಲ್ಲಿ ನನ್ನ ಮಡಿಲಲ್ಲಿದ್ದ ಬೀಡಿಯ ತಡ್ಪೆಯನ್ನು ಎಲೆ ಸಮೇತ ಮಗುಚಿ ಹಾಕಿದ್ದಿ. ನಾಲ್ಕು ವರ್ಷ ಇರ್ಬೇಕು ನಿನಗೆ. ಎರಡು ದಿನ ಎಲೆ ಕತ್ತರಿಸ್ತಾ ಕತ್ತರಿಸ್ತಾ ಕಟ್ಟಿದೆ. ಸಿನೆಮಾದ್ದೇ ಅಂತ ಹೇಳಿದ ಮೇಲೆ ನೀನು ಸುಮ್ಮನಾದದ್ದು." ಆಮೇಲೆ ದನಿ ತಗ್ಗಿಸಿ, "ಅಪ್ಪನಿಗೆ ಹೇಳ್ಬೇಡ. ಮತ್ತೆ ಇಡೀ ಹಾಡೇ ಸುಳ್ಳು ಅಂತ ಪೇಟೆಯಲ್ಲಿ ಸಾರ್ತಾರೆ" ಎಂದಳು.

ನನಗೆ ಒಮ್ಮೆಲೆ ಅಳುವೂ ನಗುವೂ ಬಂತು. ಸಣ್ಣವಳಿದ್ದಾಗ ನನ್ನ ಕೂದಲಿನ ಹುಡುಗಿಯೊಬ್ಬಳು ಸಿನೆಮಾದಲ್ಲೂ ಇದ್ದಾಳೆ ಎಂದು ಮೆರೆದವಳು ನಾನು. ಅವಳು ನಾನೇ ಎಂದು ಈಗ ಗೊತ್ತಾಗಿ ಹೇಳಲಾರದಷ್ಟು ಸಂತೋಷವಾಯಿತು. ಆ ಅಮ್ಮನನ್ನೇ ಔಟ್ ಎಂದಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಕಾರು ಸಿದ್ಧಕಟ್ಟೆ ದಾಟುವಾಗ ಅಕ್ಕ ಅಪ್ಪನ ಮೊಬೈಲಿಗೆ ಫೋನ್ ಮಾಡಿದಳು. ಅಪ್ಪ ಸ್ಪೀಕರ್ ಹಾಕಿದರು.

"ಹಾಡು ಉಂಟಾ ಅಪ್ಪ?"

"ಉಂಟು ಮಗಾ. ಅಮ್ಮ ಹೇಳಿದ ಹಾಗೇ ಉಂಟು."

"ಪೂರ್ತಿ ಉಂಟಾ? ಎರಡನೇದ್ದೂ?"

ಕನ್ನಡಿಯಲ್ಲಿ ಹಿಂದಿನ ಸೀಟಿನ ಅಮ್ಮ ಕಂಡಳು, ಉಸಿರು ಬಿಗಿಹಿಡಿದು ಕೂತಿದ್ದಳು. ನಲವತ್ತು ವರ್ಷ ಕಾದರೂ ಅಮ್ಮನನ್ನು ಸೋಲಿಸಲು ಅಪ್ಪನಿಗೆ ಇಂಥ ಅವಕಾಶ ಇನ್ನೊಂದು ಸಿಗುತ್ತಿರಲಿಲ್ಲ.

"ಎರಡನೇದ್ದೂ ಉಂಟು" ಎಂದರು ಅಪ್ಪ. "ಅದೇ ಹೆಚ್ಚು ಚಂದ."

"ಹಾಗಾದ್ರೆ ಭಾನುವಾರ ನಾವೂ ಬರ್ತೇವೆ."

"ಬೇಡ ಬೇಡ" ಎಂದು ಅಪ್ಪ ಗಡಿಬಿಡಿಯಾದರು, "ಭಾರೀ ರಶ್ಶು ಉಂಟು, ಟಿಕೆಟ್ ಸಿಗ್ಲಿಕ್ಕಿಲ್ಲ. ನಿನಗೆ ಅಮ್ಮನೇ ಹಾಡ್ತಾಳೆ, ಕೇಳು." ಮೊಬೈಲನ್ನು ಹಿಂದಕ್ಕೆ ಚಾಚಿದರು.

ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಪ್ಪನ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಗಂಟಲು ಸರಿಮಾಡಿಕೊಂಡು, ಮೊದಲನೆಯ ಚರಣವನ್ನು ಬಿಟ್ಟು, ಸೀದಾ ಎರಡನೆಯದನ್ನೇ ಎತ್ತಿದಳು.