ಬಿಸಿಲಿಗಿಟ್ಟ ಗಾಲಿಗಳು

ಅಕ್ಕನ ಪಾದದ ಎಲುಬು ಮುರಿದಾಗ ಬಾಗಲಕೋಟೆಯಿಂದ ಆ ಸ್ಕೂಟರ್ ತಂದವನು ನಾನೇ. ಮುರಿದ ಕಾಲನ್ನು ಮಡಚಿ ಮೊಣಕಾಲನ್ನು ಮೆತ್ತೆಯ ಮೇಲೆ ಊರಿ, ಇನ್ನೊಂದು ಕಾಲಿನಿಂದ ನೆಲ ಒದ್ದು ಸಾಗುವ ಗಾಡಿ. ಗಾಲಿಗಳು ಯುರೆಥೇನ್ ಎಂಬ ಪ್ಲಾಸ್ಟಿಕ್ಕಿನವು, ರಬ್ಬರಿನಂತೆ ಮೆತ್ತಗಿದ್ದವು. ಇಳಕಲ್ಲಿನ ನಮ್ಮ ಅಂಗಳದಲ್ಲಿ ನೆಲಕ್ಕೆ ಅಂಟಿಕೊಂಡಂತೆ ಉರುಳುತ್ತಿದ್ದವು. ಅಕ್ಕನಿಗೆ ಏದುಸಿರು ಬರುತ್ತಿತ್ತು.

ನಾವು ನೇಕಾರರು. ಗಂಜಿ ಹಾಕಿದ ನೂಲು ಬಿಸಿಲಿಗೆ ಬಿಗಿಯಾಗುವುದನ್ನು ನೋಡುತ್ತ ಬೆಳೆದವನು ನಾನು. ಗಾಲಿಯೂ ಹಾಗೆಯೇ ಎಂದುಕೊಂಡೆ. ಬೇಸಿಗೆಯ ಮಧ್ಯಾಹ್ನ ಅಕ್ಕ ಮಲಗಿದಾಗಲೆಲ್ಲ ಗಾಡಿಯನ್ನು ಮಾಳಿಗೆಯ ಮೇಲೆ ಮಗುಚಿಟ್ಟೆ. ಗಾಲಿಗಳು ಹಳದಿಗಟ್ಟಿದವು. ಕೊನೆಗೆ ಉಗುರು ಒತ್ತಿದರೂ ಗುರುತು ಬೀಳದಾಯಿತು. ಗಾಡಿ ಹಗುರಾಗಿ ಓಡಿತು.

“ಭಾಳ ಛಲೋ ಮಾಡ್ದಿ ನೋಡು,” ಎಂದಳು ಅಕ್ಕ. ನಾನು ಹಿಗ್ಗಿದೆ.

ಮಗ್ಗದ ಕೋಣೆಗೆ ಹೊಳಪಿನ ಕೆಂಪು ಕಲ್ಲು ಹಾಸಿದೆ. ಒಂದು ದಿನ ಅವಳು ಬಾಗಿಲ ಬಳಿ ಮಗ್ಗದ ಕಡೆ ತಿರುಗಿದಳು. ಹಿಡಿಕೆ ತಿರುಗಿತು, ಗಾಲಿಗಳು ನೆಟ್ಟಗೆ ಜಾರಿದವು. ಎಲುಬು ಕೂಡಿಕೊಳ್ಳುತ್ತಿದ್ದ ಕಾಲೇ ಹೊಸ್ತಿಲಿಗೆ ಬಡಿಯಿತು. ಆಮೇಲೆ ನೆಲಕ್ಕೆ ಕೈಯಾಡಿಸಿ ನೋಡಿದೆ. ಒಣಗಿತ್ತು. ಜಾರಿದ್ದು ನಾನು ಬಿಸಿಲಿಗಿಟ್ಟು ಗಟ್ಟಿ ಮಾಡಿದ ಗಾಲಿಗಳಿಂದಲೇ.

“ಇನ್ನೊಮ್ಮೆ ಬಿದ್ರ ಮಗ್ಗ ತುಳಿಯೂದು ಮರೀರಿ,” ಎಂದರು ಡಾಕ್ಟರು, ಮತ್ತೆ ಪ್ಲಾಸ್ಟರ್ ಹಾಕುತ್ತ.

“ತಪ್ಪು ನಂದರಿ,” ಎಂದೆ.

“ನೂಲು ಯಾವ್ದು, ಗಾಲಿ ಯಾವ್ದು ಗೊತ್ತಾಗಂಗಿಲ್ರಿ ಇವಂಗ,” ಎಂದು ಅಕ್ಕ ನಕ್ಕಳು. ನನಗೆ ನಗಲಾಗಲಿಲ್ಲ.

ಹೊಸ ಗಾಲಿ ಕೊಟ್ಟ ಅಂಗಡಿಯವನು, “ಮ್ಯಾಲಿನ ಹೊಳಪು ಹೋಗೂತನಕ ಇವೂ ಜಾರ್ತಾವ್ರಿ. ಒರಟು ನೆಲದ ಮ್ಯಾಲೆ ಓಡಿಸಿ ಪಳಗಸ್ರಿ. ಬಿಸಲಿಗೆ ಇಡಬ್ಯಾಡ್ರಿ ಮತ್ತ,” ಎಂದ.

ನಮ್ಮ ಓಣಿಗೆ ಹಾಸಿದ ಫರಸಿ ಕಲ್ಲು ಒರಟು. ಅದರ ಮೇಲೆ ನಾನೇ ಮೊಣಕಾಲೂರಿ ಹೋಗಿ ಬಂದೆ, ಹೋಗಿ ಬಂದೆ. ಕಟ್ಟೆಯ ಮೇಲಿದ್ದ ನೆರೆಮನೆಯ ಕಾಕಾ ಕೂಗಿದರು: “ಏನಲೇ, ಮೀಸಿ ಬೆಳ್ಳಗಾದ ಮ್ಯಾಲೆ ಆಟದ ಗಾಡಿ ಹತ್ತಿದೀ?”

“ಅಕ್ಕಂದರಿ ಕಾಕಾ. ಪಳಗಸಾಕತ್ತೀನಿ.”

“ಪಳಗಸಾಕ ಅದೇನ್ ಹೋರಿ ಏನಲೇ!”

ಗಾಲಿಗಳ ಹೊಳಪು ಹೋಗಿ ಮೈ ಮಬ್ಬಾಯಿತು. ಕೆಂಪು ಕಲ್ಲಿನ ಮೇಲಿಟ್ಟು ಅಡ್ಡ ದೂಡಿದೆ. ಚೀರಿದವು, ಜಾರಲಿಲ್ಲ. ಆದರೂ ಅಕ್ಕ ಗಾಡಿ ಹತ್ತಿದಾಗ ನಾನು ಹಿಡಿಕೆ ಬಿಡಲಿಲ್ಲ.

“ಬಿಡೋ ತಮ್ಮಾ, ಮಗ್ಗದತನಕ ಹೋಗ್ತೇನಿ.”

“ಹೋಗು. ನಾ ಹಿಡ್ಕೊಂಡಿರ್ತೇನಿ.”

“ಹಿಂಗ ಹಿಡ್ಕೊಂಡ ನಿಂತ್ರ ಸೀರಿ ನೀ ನೇಯ್ತೀ ಏನು?”

ಅದೇ ಬಾಗಿಲ ಬಳಿ ಅವಳೇ ನನ್ನ ಬೆರಳುಗಳನ್ನು ಬಿಡಿಸಿದಳು. ತಿರುಗಿದಳು. ಗಾಲಿಗಳೂ ತಿರುಗಿದವು. ಮಗ್ಗ ಮುಟ್ಟಿದಾಗ ಅವಳ ಮುಖ ಹೇಗಿತ್ತೋ ನಾನು ನೋಡಲಿಲ್ಲ. ನನ್ನ ಕಣ್ಣು ಗಾಲಿಗಳ ಮೇಲೇ ಇತ್ತು.